ಗೋಪುರ ಮೊದಲೋ, ಶಾಲೆ ಮೊದಲೋ? ಅಮೆರಿಕದ ಚರ್ಚ್ ಶಿಲ್ಪಿಗಳಿಂದ ಒಂದು ಪಾಠ

ಯುವಕೂಟದ ಅಧ್ಯಯನ ಪಾಠ
ಓದಿಕೊಂಡು ಬರಬೇಕಾದ ವಾಕ್ಯಭಾಗ: ಸಂತ ಪೇತ್ರನ ಮೊದಲನೆಯ ಪತ್ರ 2:4-5, ಮಾರ್ಕನ ಶುಭಸಂದೇಶ 12:41-44



ಕಳೆದ ತಿಂಗಳ ಯುವಕೂಟದ ಸಭೆಯಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ಚರ್ಚಿನ ಗಂಟೆ ಗೋಪುರದ ನಿಧಿಯ ವಿಚಾರ ಬಂತು. ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, "ಈ ಹಣದಲ್ಲಿ ನಮಗೆ ಓದಲು ಒಂದು ಕೋಣೆ ಮಾಡಿಕೊಟ್ಟರೆ ದೇವರಿಗೆ ಬೇಸರ ಆಗುತ್ತದೆಯೇ?" ಎಂದು ಕೇಳಿದಳು. ಹಿಂದೆ ಕುಳಿತಿದ್ದ ಹಿರಿಯರೊಬ್ಬರಿಗೆ ನೋವಾಯಿತು. "ನಮ್ಮ ಅಪ್ಪಂದಿರು ತಲೆಯ ಮೇಲೆ ಕಲ್ಲು ಹೊತ್ತು ಈ ಚರ್ಚ್ ಕಟ್ಟಿದರಮ್ಮ. ಅವರಿಗೆ ಓದಲು ಕೋಣೆ ಇರಲಿಲ್ಲ, ಮಲಗಲು ಮನೆಯೂ ಸರಿಯಾಗಿ ಇರಲಿಲ್ಲ. ಗೋಪುರ ಕಟ್ಟಬೇಕೆಂಬುದು ಅವರ ಆಸೆ," ಎಂದರು. ಆಮೇಲೆ ಯಾರೂ ಮಾತನಾಡಲಿಲ್ಲ. ಪ್ರಾರ್ಥನೆ ಹೇಳಿ ಸಭೆ ಮುಗಿಸಿದೆವು.

ಇಬ್ಬರೂ ಹೇಳಿದ್ದು ಸುಳ್ಳಲ್ಲ ಎಂದು ನನಗೆ ಅನ್ನಿಸಿತು. ಇದೇ ಪ್ರಶ್ನೆಯನ್ನು ನಮಗಿಂತ ಮೊದಲು ಯಾರಾದರೂ ಎದುರಿಸಿದ್ದಾರೆಯೇ ಎಂದು ಹುಡುಕುತ್ತಾ ಹೋದಾಗ ಹತ್ತೊಂಬತ್ತನೆಯ ಶತಮಾನದ ಅಮೆರಿಕ ಸಿಕ್ಕಿತು. ಈಗ ಶ್ರೀಮಂತವಾಗಿರುವ ಆ ದೇಶದ ಕಥೋಲಿಕರು ಆಗ ಬಹಳ ಬಡವರು. ಅವರ ಚರ್ಚುಗಳನ್ನೂ, ಅವುಗಳ ನಕ್ಷೆ ಬರೆದ ಶಿಲ್ಪಿಗಳನ್ನೂ ಈ ತಿಂಗಳ ಪಾಠದಲ್ಲಿ ನೋಡೋಣ. ಗೋಪುರ ತಡವಾಗಿ ಬಂದ ಒಂದು ಚರ್ಚ್, ಗೋಪುರದ ಶಿಖರ ಬಾರದೇ ಹೋದ ಇನ್ನೊಂದು, ಕಟ್ಟಡವೇ ಮೇಲೇಳದೆ ಉಳಿದ ಮತ್ತೊಂದು: ಈ ಮೂರು ಕಥೆಗಳು ನಮಗೆ ಮುಖ್ಯ.

1. ಬಂದವರು ಯಾರು?

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗಲಿತು. ಅಲ್ಲಿನ ಬಡವರಿಗೆ ಆಲೂಗಡ್ಡೆಯೇ ಊಟ. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಅವರಲ್ಲಿ ಬಹುಪಾಲು ಅಮೆರಿಕಕ್ಕೆ ಹೋದರು. ಗಂಡಸರು ಕಾಲುವೆ ತೋಡುವ, ರೈಲು ಹಳಿ ಹಾಕುವ, ಬಂದರಿನಲ್ಲಿ ಮೂಟೆ ಹೊರುವ ಕೆಲಸ ಹಿಡಿದರು. ಹೆಂಗಸರು ಶ್ರೀಮಂತರ ಮನೆಗಳಲ್ಲಿ ಮನೆಗೆಲಸಕ್ಕೆ ಸೇರಿದರು. ಜರ್ಮನಿಯಿಂದ ಬಂದ ಕಥೋಲಿಕರೂ ಕಡಿಮೆ ಇರಲಿಲ್ಲ.

ಅವರನ್ನು ಅಲ್ಲಿ ಯಾರೂ ಪ್ರೀತಿಯಿಂದ ಕರೆದುಕೊಳ್ಳಲಿಲ್ಲ. ಕಥೋಲಿಕರೆಂದರೆ ಪರದೇಶಿಗಳು, ಪೋಪರ ಆಳುಗಳು ಎಂಬ ಅನುಮಾನ ಇತ್ತು. 1834ರ ಆಗಸ್ಟ್ ತಿಂಗಳಲ್ಲಿ ಬಾಸ್ಟನ್ ನಗರದ ಪಕ್ಕದ ಚಾರ್ಲ್ಸ್‌ಟೌನ್‌ನಲ್ಲಿ ಉರ್ಸುಲೈನ್ ಕನ್ಯಾಸ್ತ್ರೀಯರ ಮಠಕ್ಕೆ ಒಂದು ಗುಂಪು ಬೆಂಕಿ ಹಚ್ಚಿತು. 1844ರಲ್ಲಿ ಫಿಲಡೆಲ್ಫಿಯಾದ ಗಲಭೆಯಲ್ಲಿ ಎರಡು ಕಥೋಲಿಕ ಚರ್ಚುಗಳು ಸುಟ್ಟುಹೋದವು. ಅದಾದ ಎರಡೇ ವರ್ಷಕ್ಕೆ, 1846ರಲ್ಲಿ, ಅದೇ ಊರಿನಲ್ಲಿ ಸಂತ ಪೇತ್ರ ಪೌಲರ ಪ್ರಧಾನಾಲಯದ ಕೆಲಸ ಶುರುವಾಯಿತು. ಅದರ ಕಿಟಕಿಗಳು ಬಹಳ ಎತ್ತರದಲ್ಲಿವೆ. ಕಲ್ಲು ಎಸೆದು ನೋಡಿ, ಅದು ಮುಟ್ಟದಷ್ಟು ಮೇಲೆ ಕಿಟಕಿ ಇಟ್ಟರು ಎಂಬ ಮಾತು ಆ ಊರಿನಲ್ಲಿ ಪ್ರಚಲಿತ. ಮಾತು ನಿಜವೋ ಅಲ್ಲವೋ, ಆ ಕಾಲದ ಭಯ ಎಷ್ಟಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಹಸಿವಿನಿಂದ ಓಡಿ ಬಂದವರು, ಬಾಡಿಗೆಯ ಒಂದು ಕೋಣೆಯಲ್ಲಿ ಎರಡು ಸಂಸಾರ ಇದ್ದವರು ಮೊದಲು ಕಟ್ಟಿಕೊಂಡವುಗಳಲ್ಲಿ ಒಂದು ಚರ್ಚ್. ಹಿಂದೆ ಕುಳಿತಿದ್ದ ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

2. ಬಡಗಿಯೊಬ್ಬ ಶಿಲ್ಪಿಯಾದ ಕಥೆ

ಅವರ ಹೆಸರು ಪ್ಯಾಟ್ರಿಕ್ ಚಾರ್ಲ್ಸ್ ಕೀಲಿ. ಬೀಗದ ಕೀಲಿಯಲ್ಲ, ಅದು ಐರಿಷ್ ಮನೆತನದ ಹೆಸರು. 1816ರಲ್ಲಿ ಐರ್ಲೆಂಡಿನ ಟಿಪ್ಪರೇರಿ ಸೀಮೆಯ ಥರ್ಲಿಸ್ ಎಂಬಲ್ಲಿ ಹುಟ್ಟಿದರು. ತಂದೆ ಕಟ್ಟಡ ಕೆಲಸದವರು. ಬರಗಾಲಕ್ಕೆ ಮುಂಚೆಯೇ, 1842ರಲ್ಲಿ, ಕೀಲಿ ಅಮೆರಿಕಕ್ಕೆ ಬಂದು ನ್ಯೂಯಾರ್ಕಿನ ಪಕ್ಕದ ಬ್ರೂಕ್ಲಿನ್‌ನಲ್ಲಿ ನೆಲೆಸಿ ಬಡಗಿ ಕೆಲಸ ಹಿಡಿದರು. ಬ್ರೂಕ್ಲಿನ್ ಆಗ ಬೇರೆಯೇ ನಗರ.

ಅಲ್ಲಿನ ವಿಲಿಯಮ್ಸ್‌ಬರ್ಗ್ ಎಂಬ ಕಡೆ ಫಾದರ್ ಸಿಲ್ವೆಸ್ಟರ್ ಮಲೋನ್ ಎಂಬ ಯುವಗುರುಗಳಿದ್ದರು. ಅವರೂ ಐರ್ಲೆಂಡಿನವರೇ. ಜನ ಹೆಚ್ಚಾಗುತ್ತಿದ್ದರು, ದೊಡ್ಡ ಚರ್ಚ್ ಬೇಕಿತ್ತು. ಹೆಸರುವಾಸಿ ಶಿಲ್ಪಿಯನ್ನು ಕರೆಸಲು ಹಣ ಎಲ್ಲಿಂದ ಬರಬೇಕು? ಅವರು ಕೀಲಿಯವರ ಕೈಗೆ ಕೆಲಸ ಕೊಟ್ಟರು. ಹೀಗೆ ಸಂತ ಪೇತ್ರ ಪೌಲರ ಚರ್ಚ್ ಗೋಥಿಕ್ ಶೈಲಿಯಲ್ಲಿ ಎದ್ದು 1848ರಲ್ಲಿ ಆಶೀರ್ವದಿಸಲ್ಪಟ್ಟಿತು. ಬಡ ಜನರ ಚರ್ಚ್ ಇಷ್ಟು ಸುಂದರವಾಗಿರಲು ಸಾಧ್ಯವೇ ಎಂದು ನೋಡಿದ ಬೇರೆ ಧರ್ಮಕೇಂದ್ರದ ಗುರುಗಳೂ ಕೀಲಿಯವರನ್ನು ಕರೆಯತೊಡಗಿದರು.

ಅದೇ ವರ್ಷ ಆಲ್ಬನಿಯ ಪ್ರಧಾನಾಲಯದ ಕೆಲಸ ಅವರಿಗೆ ಸಿಕ್ಕಿತು. ನಂತರ ಬಫಲೋ, ಸ್ಪ್ರಿಂಗ್‌ಫೀಲ್ಡ್, ಪೋರ್ಟ್‌ಲ್ಯಾಂಡ್, ಬರ್ಲಿಂಗ್ಟನ್, ಬಾಸ್ಟನ್, ಪ್ರಾವಿಡೆನ್ಸ್, ಹಾರ್ಟ್‌ಫರ್ಡ್ ಹೀಗೆ ಒಂದಾದ ಮೇಲೊಂದು. 1871ರ ಅಕ್ಟೋಬರ್‌ನಲ್ಲಿ ಚಿಕಾಗೋ ನಗರವೇ ಹೊತ್ತಿ ಉರಿದು ಅಲ್ಲಿನ ಪವಿತ್ರ ನಾಮದ ಚರ್ಚ್ ಬೂದಿಯಾಯಿತು. ಆ ಜಾಗದಲ್ಲಿ ಹೊಸ ಪ್ರಧಾನಾಲಯದ ನಕ್ಷೆ ಬರೆದವರೂ ಕೀಲಿಯವರೇ. 1875ರಲ್ಲಿ ಅದು ಪೂರ್ಣಗೊಂಡಿತು. ಒಟ್ಟು ಸುಮಾರು 600 ಚರ್ಚುಗಳು ಅವರ ಹೆಸರಿನಲ್ಲಿವೆ ಎನ್ನುತ್ತಾರೆ. 1884ರಲ್ಲಿ ನೊಟ್ರೆ ಡೇಮ್ ವಿಶ್ವವಿದ್ಯಾಲಯವು ಆಗ ಕಥೋಲಿಕ ಗೃಹಸ್ಥರಿಗೆ ಕೊಡುತ್ತಿದ್ದ ಲೆತಾರೆ ಪದಕವನ್ನು ಅವರಿಗೆ ಕೊಟ್ಟಿತು. ಆ ಪದಕ ಪಡೆದ ಎರಡನೆಯ ವ್ಯಕ್ತಿ ಅವರು. 1896ರಲ್ಲಿ, ತಾವು ಬಂದಿಳಿದ ಬ್ರೂಕ್ಲಿನ್‌ನಲ್ಲಿಯೇ ತೀರಿಕೊಂಡರು.

ಯುವಮಿತ್ರರೇ, ಇಲ್ಲಿ ಒಂದು ವಿಷಯ ಗಮನಿಸಿ. ಫಾದರ್ ಮಲೋನ್ ದೂರದ ದೊಡ್ಡವರನ್ನು ಹುಡುಕಲಿಲ್ಲ. ತಮ್ಮ ಜನರ ನಡುವೆಯೇ ಇದ್ದ ಕೆಲಸಗಾರನನ್ನು ಗುರುತಿಸಿದರು. ನಮ್ಮ ಧರ್ಮಕೇಂದ್ರದಲ್ಲಿ ಗಾರೆ ಕೆಲಸದವರಿದ್ದಾರೆ, ವೆಲ್ಡಿಂಗ್ ಮಾಡುವವರಿದ್ದಾರೆ, ಐಟಿಐ ಮುಗಿಸಿದವರಿದ್ದಾರೆ. ಅವರ ಕೈಗೆ ನಾವು ಏನು ಕೊಟ್ಟಿದ್ದೇವೆ?

3. ಚೂಪು ಕಮಾನು ಏಕೆ? ಸ್ವಲ್ಪ ವಿಜ್ಞಾನ

ಈ ಚರ್ಚುಗಳಲ್ಲಿ ಹೆಚ್ಚಿನವು ಗೋಥಿಕ್ ಶೈಲಿಯವು. ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡಿದವರಿಗೆ ಈ ಶೈಲಿಯ ಪರಿಚಯವಿದೆ: ಆಕಾಶಕ್ಕೆ ಚುಚ್ಚುವಂಥ ಎರಡು ಗೋಪುರ, ಮೇಲೆ ಚೂಪಾಗುವ ಕಮಾನು, ಬಣ್ಣದ ಗಾಜಿನ ಉದ್ದ ಕಿಟಕಿ.

ಚೂಪು ಕಮಾನಿನ ಗುಟ್ಟು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಎರಡು ನೋಟ್ ಪುಸ್ತಕಗಳನ್ನು ಮೇಜಿನ ಮೇಲೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಬುಡಗಳು ದೂರ ದೂರ ಇದ್ದರೆ ಜಾರಿ ಬಿದ್ದುಬಿಡುತ್ತವೆ. ಕಡಿದಾಗಿ ನಿಲ್ಲಿಸಿದರೆ ಜಾರುವುದು ಕಡಿಮೆ. ಕಮಾನು ತನ್ನ ಭಾರವನ್ನು ಕೆಳಕ್ಕೂ ತಳ್ಳುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಅಗಲ ಒಂದೇ ಆಗಿದ್ದರೆ, ಅರ್ಧವೃತ್ತದ ಕಮಾನಿಗಿಂತ ಎತ್ತರದ ಚೂಪು ಕಮಾನು ಪಕ್ಕಕ್ಕೆ ತಳ್ಳುವುದು ಕಡಿಮೆ. ಉಳಿದ ತಳ್ಳುವಿಕೆಯನ್ನು ತಡೆಯಲು ಗೋಡೆಯ ಹೊರಗೆ ಆಸರೆ ಕಂಬಗಳನ್ನು ಕಟ್ಟುತ್ತಾರೆ. ಯೂರೋಪಿನ ಹಳೆಯ ಪ್ರಧಾನಾಲಯಗಳಲ್ಲಿ ಆ ಕಂಬಗಳಿಂದ ಗೋಡೆಗೆ ಅರ್ಧ ಕಮಾನುಗಳು ಸೇತುವೆಯ ಹಾಗೆ ಚಾಚಿರುತ್ತವೆ. ಭಾರವನ್ನು ಕಂಬಗಳು ಹೊತ್ತ ಮೇಲೆ ನಡುವಿನ ಗೋಡೆಗೆ ಅಷ್ಟು ಕೆಲಸ ಇರುವುದಿಲ್ಲ. ಅಲ್ಲಿ ದೊಡ್ಡ ಕಿಟಕಿ ಇಡಬಹುದು, ಬೆಳಕು ಒಳಗೆ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹಳೆಯ ಶೈಲಿ ಮತ್ತೆ ಬಳಕೆಗೆ ಬರಲು ಇಂಗ್ಲೆಂಡಿನ ಪ್ಯೂಜಿನ್ ಎಂಬ ಕಥೋಲಿಕ ಶಿಲ್ಪಿ ಒಂದು ಮುಖ್ಯ ಕಾರಣ. ಗೋಥಿಕ್ ಕಟ್ಟಡವೇ ನಿಜವಾದ ಕ್ರೈಸ್ತ ಕಟ್ಟಡ ಎಂದು ಅವರು ವಾದಿಸಿದರು. ಆದರೆ ಪ್ರೊಟೆಸ್ಟೆಂಟರೂ ಇದನ್ನು ಅಷ್ಟೇ ಪ್ರೀತಿಯಿಂದ ಅಪ್ಪಿಕೊಂಡರು. ನ್ಯೂಯಾರ್ಕಿನ ಎಪಿಸ್ಕೋಪಲ್ ಸಭೆಯ ಟ್ರಿನಿಟಿ ಚರ್ಚ್ 1846ರಲ್ಲಿ ಪೂರ್ಣವಾಯಿತು. 281 ಅಡಿ ಎತ್ತರದ ಅದರ ಶಿಖರ 1890ರವರೆಗೆ ಆ ನಗರದಲ್ಲೇ ಎತ್ತರದ್ದು. ಅದರ ಶಿಲ್ಪಿ ರಿಚರ್ಡ್ ಅಪ್‌ಜಾನ್ ಸಹ ವಲಸೆ ಬಂದವರೇ, ಇಂಗ್ಲೆಂಡಿನಲ್ಲಿ ಪೀಠೋಪಕರಣ ಮಾಡುವ ಕೆಲಸ ಕಲಿತವರು.

ಅಪ್‌ಜಾನ್ ಮಾಡಿದ ಇನ್ನೊಂದು ಕೆಲಸ ನನಗೆ ಟ್ರಿನಿಟಿಗಿಂತ ಹೆಚ್ಚು ಇಷ್ಟವಾಯಿತು. ದೂರದ ಹಳ್ಳಿಗಳಿಂದ ಅವರಿಗೆ ಕಾಗದಗಳು ಬರುತ್ತಿದ್ದವು: ನಮಗೂ ಚರ್ಚ್ ಬೇಕು, ಹಣವಿಲ್ಲ ಎಂದು. ಎಲ್ಲರಿಗೂ ಬೇರೆ ಬೇರೆ ನಕ್ಷೆ ಬರೆಯಲು ಆಗುತ್ತಿರಲಿಲ್ಲ. ಆದ್ದರಿಂದ 1852ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದರು. ಮರದ ಹಲಗೆಗಳಿಂದ ಸಣ್ಣ ಚರ್ಚ್ ಕಟ್ಟುವ ನಕ್ಷೆ, ಅಳತೆ ಎಲ್ಲ ಅದರಲ್ಲಿತ್ತು. ಊರಿನ ಬಡಗಿ ಅದನ್ನು ನೋಡಿ ಕಟ್ಟಬಹುದಿತ್ತು. ಮರದ ಚರ್ಚ್ ಮರದಂತೆಯೇ ಕಾಣುತ್ತಿತ್ತು, ಕಲ್ಲಿನಂತೆ ಕಾಣಲು ಬಣ್ಣ ಬಳಿಯುವ ಅಗತ್ಯ ಇರಲಿಲ್ಲ. ಇದ್ದುದರಲ್ಲಿ ಚೆಂದವಾಗಿ ಕಟ್ಟಿಕೊಳ್ಳುವುದು ಎಂದರೆ ಇದೇ ಅಲ್ಲವೇ?

4. ಗೋಪುರ ತಡವಾಗಿ ಬಂದ ಚರ್ಚ್: ನ್ಯೂಯಾರ್ಕ್

ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದ ಚಿತ್ರ ನೀವು ನೋಡಿರುತ್ತೀರಿ. ಅದನ್ನು ಕಟ್ಟಿಸಲು ಹೊರಟವರು ಮಹಾಧರ್ಮಾಧ್ಯಕ್ಷ ಜಾನ್ ಹ್ಯೂಸ್. ಐರ್ಲೆಂಡಿನಿಂದ ಬಂದ ಹೊಸತರಲ್ಲಿ ತೋಟದ ಕೆಲಸ ಮಾಡಿ, ಅದೇ ಸಂಸ್ಥೆಯ ಗುರುಮಠದಲ್ಲಿ ಓದಿ ಗುರುಗಳಾದವರು. ಶಿಲ್ಪಿ ಜೇಮ್ಸ್ ರೆನ್ವಿಕ್. ಇವರು ಕಥೋಲಿಕರಲ್ಲ. ಶಿಲ್ಪಶಾಲೆಯಲ್ಲಿ ಓದಿದವರೂ ಅಲ್ಲ. ಕೊಲಂಬಿಯಾ ಕಾಲೇಜಿನ ಪದವೀಧರ, ನಗರಕ್ಕೆ ನೀರು ತರುವ ಯೋಜನೆಯಲ್ಲಿ ಎಂಜಿನಿಯರ್ ಆಗಿ ದುಡಿದವರು. ಇಪ್ಪತ್ತೈದರ ಆಸುಪಾಸಿನಲ್ಲೇ ನ್ಯೂಯಾರ್ಕಿನ ಗ್ರೇಸ್ ಚರ್ಚಿನ ಕೆಲಸ ಅವರಿಗೆ ಸಿಕ್ಕಿತ್ತು. ಆ ಚರ್ಚಿಗೆ ಮೊದಲು ಹಣ ಉಳಿಸಲು ಮರದ ಶಿಖರ ಇಟ್ಟರು. ಅಮೃತಶಿಲೆಯ ಶಿಖರ ಬಂದದ್ದು 1883ರಲ್ಲಿ.

ಸಂತ ಪ್ಯಾಟ್ರಿಕ್ ಪ್ರಧಾನಾಲಯದ ಮೂಲೆಗಲ್ಲನ್ನು 1858ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ ಇಟ್ಟರು. ಸಾವಿರ ಡಾಲರಿನಂತೆ ಕೊಟ್ಟ ದಾನಿಗಳು ನೂರಕ್ಕೂ ಹೆಚ್ಚು ಮಂದಿ. ಅದು ಬೇಗ ಖರ್ಚಾಯಿತು. ಉಳಿದದ್ದಕ್ಕೆ ಮನೆಗೆಲಸದ ಹುಡುಗಿಯರು, ಕೂಲಿಯವರು ಕೊಟ್ಟ ಚಿಲ್ಲರೆ ಕಾಸೂ ಸೇರಿತು. ಊರಿನ ಜನವಸತಿ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಇಷ್ಟು ದೂರದಲ್ಲಿ ಇಷ್ಟು ದೊಡ್ಡ ಚರ್ಚ್ ಕಟ್ಟುವುದು ಹ್ಯೂಸ್ ಅವರ ಹುಚ್ಚು ಎಂದು ನಗುವವರು ನಕ್ಕರು. ನಂತರ ಹಣ ಮುಗಿಯಿತು, ಅಂತರ್ಯುದ್ಧ ಬಂತು, ಕೆಲಸ ನಿಂತಿತು. 1864ರ ಜನವರಿಯಲ್ಲಿ ಹ್ಯೂಸ್ ತೀರಿಕೊಂಡಾಗ ಚರ್ಚ್ ಅರ್ಧ ಗೋಡೆಯಲ್ಲಿತ್ತು.

ಅವರ ನಂತರ ಬಂದ ಜಾನ್ ಮೆಕ್‌ಕ್ಲಾಸ್ಕಿ ಕೆಲಸ ಮುಂದುವರಿಸಿದರು. ಖರ್ಚು ತಗ್ಗಿಸಬೇಕಿತ್ತು. ಒಳಗಿನ ಮೇಲ್ಛಾವಣಿಯ ಕಮಾನುಗಳನ್ನು ಕಲ್ಲಿನಲ್ಲಿ ಕಟ್ಟದೆ ಹಗುರವಾದ ಗಾರೆಯಲ್ಲಿ ಮಾಡಿದರು. ಮೇಲ್ಛಾವಣಿ ಹಗುರವಾದ್ದರಿಂದ ಪಕ್ಕಕ್ಕೆ ತಳ್ಳುವುದು ಕಡಿಮೆ. ಹಾಗಾಗಿ ಹೊರಗಿನ ಅರ್ಧ ಕಮಾನುಗಳ ಆಸರೆಯೂ ಬೇಡವಾಯಿತು. ನೀವು ಚಿತ್ರ ನೋಡಿದರೆ, ಯೂರೋಪಿನ ಪ್ರಧಾನಾಲಯಗಳಲ್ಲಿ ಇರುವ ಆ ಸೇತುವೆಯಂಥ ಕಮಾನುಗಳು ಇಲ್ಲಿ ಇಲ್ಲದಿರುವುದು ಕಾಣುತ್ತದೆ.

1879ರ ಮೇ 25ರಂದು ಚರ್ಚ್ ತೆರೆಯಿತು. ಆ ದಿನ ಶಿಖರಗಳು ಇರಲಿಲ್ಲ! 330 ಅಡಿ ಎತ್ತರದ ಆ ಎರಡು ಶಿಖರಗಳು ಪೂರ್ಣವಾದದ್ದು 1888ರಲ್ಲಿ. ಒಂಬತ್ತು ವರ್ಷ ಜನ ಶಿಖರವಿಲ್ಲದ ಚರ್ಚಿನಲ್ಲಿ ಬಲಿಪೂಜೆ ಅರ್ಪಿಸಿದರು, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿದರು, ಮದುವೆ ಮಾಡಿದರು. ಮೊದಲು ಬಲಿಪೀಠ ಮತ್ತು ಸೂರು, ಆಮೇಲೆ ಶಿಖರ ಎಂಬ ಕ್ರಮವನ್ನು ಅವರು ಇಟ್ಟುಕೊಂಡರು.

5. ಶಿಖರ ಬಾರದೇ ಹೋದ ಚರ್ಚ್: ಬಾಸ್ಟನ್

ಬಾಸ್ಟನ್ನಿನ ಪವಿತ್ರ ಶಿಲುಬೆಯ ಪ್ರಧಾನಾಲಯ ಕೀಲಿಯವರ ದೊಡ್ಡ ಕೆಲಸಗಳಲ್ಲಿ ಒಂದು. 1875ರ ಡಿಸೆಂಬರ್ 8ರಂದು, ನಿಷ್ಕಳಂಕ ಮಾತೆಯ ಹಬ್ಬದ ದಿನ, ಅದರ ಪ್ರತಿಷ್ಠಾಪನೆ ನಡೆಯಿತು. ಉದ್ದ 364 ಅಡಿ. ನಕ್ಷೆಯಲ್ಲಿ ಎರಡು ಗೋಪುರಗಳ ಮೇಲೆ ಚೂಪು ಶಿಖರಗಳಿದ್ದವು. ಅವನ್ನು ಕಟ್ಟಲೇ ಇಲ್ಲ. ಇಂದಿಗೂ ಆ ಗೋಪುರಗಳ ತಲೆ ಮಟ್ಟಸವಾಗಿಯೇ ಇದೆ.

ಶಿಖರಕ್ಕೆ ಹಣ ಸಾಲದ ಆ ಚರ್ಚಿನಲ್ಲಿ ಬೇರೊಂದು ವಸ್ತುವಿಗೆ ಜಾಗ ಸಿಕ್ಕಿತು. 1834ರಲ್ಲಿ ಸುಟ್ಟ ಉರ್ಸುಲೈನ್ ಮಠದ ಕಥೆ ಮೊದಲೇ ಹೇಳಿದೆನಲ್ಲ? ಆ ಮಠದ ಇಟ್ಟಿಗೆಗಳನ್ನು ಉಳಿಸಿ ಇಟ್ಟಿದ್ದರು. ಪ್ರಧಾನಾಲಯದ ಮುಂಬಾಗಿಲು ದಾಟಿದ ಮೇಲೆ ಸಿಗುವ ಮೊಗಸಾಲೆಯಿಂದ ಒಳಗೆ ಹೋಗುವಲ್ಲಿನ ಕಮಾನಿಗೆ ಆ ಇಟ್ಟಿಗೆಗಳನ್ನು ಬಳಸಿದರು. ಒಳಗೆ ಹೋಗುವ ಪ್ರತಿಯೊಬ್ಬರೂ ಆ ಕಮಾನಿನ ಕೆಳಗೇ ಹೋಗಬೇಕು. ಬೆಂಕಿ ಹಚ್ಚಿದವರ ಮೇಲೆ ಕೋಪ ತೀರಿಸಿಕೊಳ್ಳಲು ಅವರು ಹೋಗಲಿಲ್ಲ. ಸುಟ್ಟ ಮನೆಯ ಇಟ್ಟಿಗೆಯನ್ನು ಪ್ರಾರ್ಥನೆಯ ಮನೆಯ ಬಾಗಿಲಿಗೆ ಇಟ್ಟರು. ನಾನು ಈ ವಿಷಯ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಅಜ್ಜಂದಿರು ಹೊತ್ತ ಕಲ್ಲುಗಳ ಬಗ್ಗೆ ಹಿರಿಯರು ಅಷ್ಟು ನೊಂದು ಮಾತನಾಡಿದ್ದು ಏಕೆಂದು ಆಗ ನನಗೆ ಅರ್ಥವಾಯಿತು.

6. ಕಟ್ಟದೇ ಉಳಿದ ಚರ್ಚ್: ಬ್ರೂಕ್ಲಿನ್

ಮೂರನೆಯ ಕಥೆ ಕೀಲಿಯವರ ಸ್ವಂತ ಊರಿನದು. ಬ್ರೂಕ್ಲಿನ್ 1853ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಮೊದಲ ಧರ್ಮಾಧ್ಯಕ್ಷರು ಜಾನ್ ಲಾಕ್ಲಿನ್. ದೊಡ್ಡ ಜಾಗ ಕೊಂಡು, ನಿಷ್ಕಳಂಕ ಮಾತೆಯ ಹೆಸರಿನಲ್ಲಿ ದೇಶದಲ್ಲೇ ದೊಡ್ಡದೆನಿಸುವಂಥ ಪ್ರಧಾನಾಲಯಕ್ಕೆ ಕೀಲಿಯವರಿಂದ ನಕ್ಷೆ ಬರೆಸಿದರು. 1868ರ ಜೂನ್‌ನಲ್ಲಿ ಮೂಲೆಗಲ್ಲು ಇಟ್ಟರು. ಗೋಡೆ ಹತ್ತು ಹನ್ನೆರಡು ಅಡಿ ಎದ್ದಿತು.

ಅಲ್ಲಿಗೆ ನಿಂತಿತು.

ವಲಸೆ ಬರುವವರು ಹಡಗುಗಟ್ಟಲೆ ಬರುತ್ತಿದ್ದರು. ಹೊಸ ಬೀದಿಗಳಲ್ಲಿ ಸಣ್ಣ ಚರ್ಚುಗಳು ಬೇಕಿದ್ದವು. ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆ ಅನಾಥಾಲಯ, ರೋಗಿಗಳಿಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ ಬೇಕಿತ್ತು. ಹಣವೆಲ್ಲ ಅವುಗಳ ಕಡೆ ಹೋಯಿತು. ಆ ಜಾಗದಲ್ಲಿ ಸಂತ ಯೊವಾನ್ನರ ಪ್ರಾರ್ಥನಾಲಯ ಮುಗಿಯಿತು. ಲಾಕ್ಲಿನ್ 1891ರಲ್ಲಿ ತೀರಿಕೊಳ್ಳುವವರೆಗೆ ಪ್ರಧಾನಾಲಯದ ಗೋಡೆ ಅಷ್ಟೇ ಎತ್ತರದಲ್ಲಿ ಉಳಿಯಿತು. ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತ ಆ ಗೋಡೆಯನ್ನು ಆ ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ತಮ್ಮ ಅತಿ ದೊಡ್ಡ ನಕ್ಷೆ ಕಣ್ಣೆದುರೇ ಹಾಗೆ ನಿಂತದ್ದು ಕೀಲಿಯವರಿಗೆ ಸುಲಭವಾಗಿರಲಾರದು.

ಕೊನೆಗೆ ಆ ಗೋಡೆಗಳನ್ನು ಕೆಡವಿದರು. 1930ರ ದಶಕದಲ್ಲಿ ಅದೇ ಜಾಗದಲ್ಲಿ ಒಂದು ಪ್ರೌಢಶಾಲೆ ಎದ್ದಿತು. ಅದರ ಹೆಸರು ಬಿಷಪ್ ಲಾಕ್ಲಿನ್ ಸ್ಮಾರಕ ಪ್ರೌಢಶಾಲೆ. ಇಂದಿಗೂ ಅಲ್ಲಿ ಮಕ್ಕಳು ಓದುತ್ತಿದ್ದಾರೆ. ಹಳೆಯ ಸಂತ ಯಾಕೋಬರ ಚರ್ಚೇ ಧರ್ಮಪ್ರಾಂತ್ಯದ ಪ್ರಧಾನಾಲಯವಾಗಿ ಮುಂದುವರಿಯಿತು.

ಪಿಯುಸಿ ಹುಡುಗಿಯ ಪ್ರಶ್ನೆಗೆ ಇದು ಉತ್ತರವೇ? ಪೂರ್ತಿ ಅಲ್ಲ. ಲಾಕ್ಲಿನ್ ಚರ್ಚ್ ಕಟ್ಟುವುದನ್ನು ಬಿಟ್ಟವರಲ್ಲ. ಬೀದಿ ಬೀದಿಗೆ ಚರ್ಚ್ ಕಟ್ಟಿಸಿದರು. ತಮ್ಮ ಪೀಠ ಇರಬೇಕಾದ ಒಂದು ಚರ್ಚನ್ನು ಮಾತ್ರ ಕಡೆಗೆ ಇಟ್ಟರು. ತಮಗಾಗಿ ಇದ್ದದ್ದನ್ನು ಕೊನೆಗೆ, ಜನರಿಗಾಗಿ ಇದ್ದದ್ದನ್ನು ಮೊದಲಿಗೆ ಇಟ್ಟರು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

7. ಭಾಷೆಯ ಪ್ರಶ್ನೆ

ನಮ್ಮ ಧರ್ಮಪ್ರಾಂತ್ಯದಲ್ಲಿ ಹಲವು ಭಾಷೆ. ಕನ್ನಡ ಬಲಿಪೂಜೆ ಮುಗಿಸಿ ನಾವು ಹೊರಬರುವಾಗ ತಮಿಳು ಬಲಿಪೂಜೆಗೆ ಜನ ಒಳಬರುತ್ತಿರುತ್ತಾರೆ. ಅಮೆರಿಕದಲ್ಲೂ ಹೀಗೆಯೇ ಇತ್ತು. ಬಲಿಪೂಜೆ ಎಲ್ಲರಿಗೂ ಲ್ಯಾಟಿನ್‌ನಲ್ಲಿ. ಆದರೆ ಪ್ರಸಂಗ, ಪಾಪನಿವೇದನೆ, ಧರ್ಮೋಪದೇಶ ತಾಯ್ನುಡಿಯಲ್ಲಿ ಬೇಕಲ್ಲ? ಬಾಸ್ಟನ್ನಿನ ಜರ್ಮನ್ ಕಥೋಲಿಕರು 1844ರಲ್ಲೇ ತಮ್ಮದೇ ಧರ್ಮಕೇಂದ್ರ ಮಾಡಿಕೊಂಡರು. 1870ರ ದಶಕದಲ್ಲಿ ಅವರಿಗೆ ಪವಿತ್ರ ತ್ರಿತ್ವದ ಕಲ್ಲಿನ ಚರ್ಚಿನ ನಕ್ಷೆ ಬರೆದುಕೊಟ್ಟವರು ಐರಿಷ್ ಆದ ಕೀಲಿ.

ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ಧರ್ಮಾಧ್ಯಕ್ಷರಲ್ಲಿ ಹೆಚ್ಚಿನವರು ಐರಿಷ್ ಮೂಲದವರು, ನಮ್ಮ ಭಾಷೆಯನ್ನು ಕೇಳುವವರಿಲ್ಲ ಎಂಬ ನೋವು ಜರ್ಮನ್ನರಿಗಿತ್ತು. 1891ರಲ್ಲಿ ಜರ್ಮನಿಯ ಕಾಹೆನ್ಸ್‌ಲಿ ಎಂಬ ಗೃಹಸ್ಥರು ಮತ್ತು ಅವರ ಜೊತೆಯವರು ವಿಶ್ವಗುರು ಹದಿಮೂರನೆಯ ಲಿಯೋ ಅವರಿಗೆ ಮನವಿ ಸಲ್ಲಿಸಿದರು. ಪ್ರತಿ ಭಾಷೆಯವರಿಗೆ ಬೇರೆ ಧರ್ಮಕೇಂದ್ರ, ಅವರದೇ ಗುರುಗಳು, ಧರ್ಮಾಧ್ಯಕ್ಷರಲ್ಲೂ ಪ್ರಾತಿನಿಧ್ಯ ಬೇಕು ಎಂದು ಕೇಳಿದರು. ಸಭೆ ಒಡೆದುಹೋಗುತ್ತದೆ ಎಂದು ಅಮೆರಿಕದ ಹಲವು ಧರ್ಮಾಧ್ಯಕ್ಷರು ವಿರೋಧಿಸಿದರು. ಭಾಷೆಗೊಬ್ಬ ಧರ್ಮಾಧ್ಯಕ್ಷ ಎಂಬುದನ್ನು ರೋಮ್ ಒಪ್ಪಲಿಲ್ಲ. ಆದರೆ ಭಾಷಾವಾರು ಧರ್ಮಕೇಂದ್ರಗಳು ಮುಂದುವರಿದವು.

ಬಾಸ್ಟನ್ನಿನ ಆ ಜರ್ಮನ್ ಚರ್ಚ್ ಈಗ ಏನಾಗಿದೆ? ಜರ್ಮನ್ನರ ಮಕ್ಕಳು ಮೊಮ್ಮಕ್ಕಳು ಬೇರೆ ಬಡಾವಣೆಗಳಿಗೆ ಹೋದರು, ಇಂಗ್ಲಿಷಿಗೆ ಹೊರಳಿದರು. 2008ರಲ್ಲಿ ಧರ್ಮಕೇಂದ್ರ ಮುಚ್ಚಿತು. ಕಟ್ಟಡ ಮಾರಾಟವಾಯಿತು. ಕೀಲಿಯವರ ಕಲ್ಲಿನ ಗೋಡೆ ಹೊರಗೆ ಹಾಗೆಯೇ ಇದೆ. ಒಳಗೆ ಅಪಾರ್ಟ್‌ಮೆಂಟುಗಳು. ಗೋಡೆ ಗಟ್ಟಿಯಾಗಿತ್ತು, ಒಳಗೆ ಪ್ರಾರ್ಥಿಸುವವರು ಉಳಿಯಲಿಲ್ಲ.

ನಮ್ಮ ಯುವಕೂಟದ ವಾಟ್ಸಾಪ್ ಗುಂಪಿನಲ್ಲಿ ಇರುವವರಲ್ಲಿ ಎಷ್ಟು ಮಂದಿ ಈಗ ಊರಲ್ಲಿದ್ದೇವೆ? ಬೆಂಗಳೂರಿಗೆ, ಕೊಯಮತ್ತೂರಿಗೆ ಕೆಲಸಕ್ಕೆ ಹೋದವರು ಹಬ್ಬಕ್ಕೆ ಮಾತ್ರ ಬರುತ್ತೇವೆ. ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಕನ್ನಡ ಪ್ರಾರ್ಥನೆ ಬಾಯಿಗೆ ಬರುತ್ತದೆ, ಓದಲು ಬರುವುದಿಲ್ಲ. ಗೋಪುರವೋ ಓದುವ ಕೋಣೆಯೋ ಎಂದು ಚರ್ಚಿಸುವಾಗ ಈ ವಿಷಯವನ್ನೂ ನಮ್ಮ ಮುಂದೆ ಇಟ್ಟುಕೊಳ್ಳಬೇಕು.

8. ನಾವು ಕಲಿಯುವುದೇನು?

ಸಂತ ಪೇತ್ರ ತನ್ನ ಪತ್ರದಲ್ಲಿ ನಮ್ಮನ್ನೇ ಜೀವಂತ ಕಲ್ಲುಗಳೆಂದು ಕರೆಯುತ್ತಾನೆ, ನಮ್ಮಿಂದಲೇ ಒಂದು ಆತ್ಮಿಕ ಮನೆ ಕಟ್ಟಲ್ಪಡುತ್ತದೆ ಎನ್ನುತ್ತಾನೆ. ಇದನ್ನು ಓದಿ, ಹಾಗಾದರೆ ಕಟ್ಟಡ ಬೇಡ ಎಂದು ಕೆಲವರು ಹೇಳುತ್ತಾರೆ. ಕಾಣಿಕೆ ಪೆಟ್ಟಿಗೆಯ ಮುಂದೆ ನಿಂತ ಆ ಬಡ ವಿಧವೆಗೆ ಯೇಸುಸ್ವಾಮಿ ಹಾಗೆ ಹೇಳಲಿಲ್ಲ. ಆಕೆ ಹಾಕಿದ ಎರಡು ಕಾಸನ್ನು ಕಂಡು ಶಿಷ್ಯರನ್ನು ಕರೆದು ತೋರಿಸಿದರು. ಬಡವರು ದೇವರಿಗೆ ಕೊಡುವುದನ್ನು ನಾವು ಹಗುರವಾಗಿ ನೋಡಬಾರದು. ಹಾಗೆಯೇ, ಅವರು ಕೊಟ್ಟದ್ದನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದರಲ್ಲಿ ನಮಗೆ ಭಯಭಕ್ತಿ ಇರಬೇಕು.

ಮೂರು ಕಥೆಗಳಿಂದ ನನಗೆ ತೋರಿದ್ದನ್ನು ಹೇಳುತ್ತೇನೆ. ಗೋಪುರ ಬೇಡ ಎಂದು ನಾನು ಹೇಳುವುದಿಲ್ಲ. ದೂರದ ಹೊಲದಲ್ಲಿ ಕೆಲಸ ಮಾಡುವವರಿಗೆ ಗಂಟೆಯ ಸದ್ದು ಕೇಳಬೇಕು, ಈ ಊರಿನಲ್ಲಿ ನಾವೂ ಇದ್ದೇವೆ ಎಂದು ಅದು ಹೇಳಬೇಕು. ಆದರೆ ಗೋಪುರ ಕಾಯಬಲ್ಲದು. ನ್ಯೂಯಾರ್ಕಿನಲ್ಲಿ ಒಂಬತ್ತು ವರ್ಷ ಕಾಯಿತು. ಹತ್ತನೆಯ ತರಗತಿಯ ಮಗು ಒಂಬತ್ತು ವರ್ಷ ಕಾಯಲಾರದು. ಅದೇ ಹೊತ್ತಿಗೆ, ಗೋಪುರಕ್ಕೆಂದು ಕೊಟ್ಟ ಹಣವನ್ನು ಕೊಟ್ಟವರ ಒಪ್ಪಿಗೆಯಿಲ್ಲದೆ ಬೇರೆಯದಕ್ಕೆ ತಿರುಗಿಸುವುದು ನ್ಯಾಯವಲ್ಲ. ಮೊದಲು ಅವರನ್ನು ಕೇಳಬೇಕು, ಅವರ ಮನೆಗೆ ಹೋಗಿ ಕೇಳಬೇಕು. ಬಾಸ್ಟನ್ನಿನವರು ಸುಟ್ಟ ಇಟ್ಟಿಗೆಗೆ ಜಾಗ ಮಾಡಿದಂತೆ, ನಾವು ಏನು ಕಟ್ಟಿದರೂ ಅಜ್ಜಂದಿರು ಹೊತ್ತ ಕಲ್ಲಿಗೆ ಅದರಲ್ಲಿ ಒಂದು ಜಾಗ ಇರಬೇಕು.

ಇದು ನನ್ನ ಅನಿಸಿಕೆ. ತೀರ್ಮಾನ ಪಾಲನಾ ಸಮಿತಿಯದು, ನಮ್ಮೆಲ್ಲರದು. ಬರುವ ಸಭೆಗೆ ಹಿರಿಯರೂ ದಯವಿಟ್ಟು ಬನ್ನಿ. ಕಳೆದ ಸಲದ ಹಾಗೆ ಮಾತು ಅರ್ಧಕ್ಕೆ ನಿಲ್ಲುವುದು ಬೇಡ.

ಗುಂಪು ಚರ್ಚೆಗೆ ಪ್ರಶ್ನೆಗಳು

1. ಫಾದರ್ ಮಲೋನ್ ಬಡಗಿಯೊಬ್ಬರನ್ನು ನಂಬಿ ಚರ್ಚಿನ ಕೆಲಸ ಕೊಟ್ಟರು. ನಮ್ಮ ಧರ್ಮಕೇಂದ್ರದಲ್ಲಿ ಯಾರ ಕೈಕೆಲಸವನ್ನು ನಾವು ಇನ್ನೂ ಗುರುತಿಸಿಲ್ಲ?
2. ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಖರ್ಚು ತಗ್ಗಿಸಲು ಏನು ಮಾಡಿದರು? ಅದರಿಂದ ಕಟ್ಟಡದಲ್ಲಿ ಯಾವ ಬದಲಾವಣೆ ಆಯಿತು?
3. ಧರ್ಮಾಧ್ಯಕ್ಷ ಲಾಕ್ಲಿನ್ ಮಾಡಿದ್ದು ಸರಿಯೇ? ಪ್ರಧಾನಾಲಯಕ್ಕೆಂದು ದಾನ ಕೊಟ್ಟವರ ಜಾಗದಲ್ಲಿ ನೀವು ಇದ್ದಿದ್ದರೆ ಏನು ಹೇಳುತ್ತಿದ್ದಿರಿ?
4. ಭಾಷೆಗೊಂದು ಧರ್ಮಕೇಂದ್ರ ಇರುವುದರಿಂದ ಒಳಿತೇನು, ಕೆಡುಕೇನು? ನಮ್ಮ ಚರ್ಚಿನಲ್ಲಿ ತಮಿಳು ಸಹೋದರರ ಜೊತೆ ಸೇರಿ ವರ್ಷಕ್ಕೆ ಎಷ್ಟು ಸಲ ಒಟ್ಟಿಗೆ ಪ್ರಾರ್ಥಿಸುತ್ತೇವೆ?

ಮನೆಗೆಲಸ

ನಿಮ್ಮ ಮನೆಯ ಅಥವಾ ನೆರೆಮನೆಯ ಅತಿ ಹಿರಿಯರ ಬಳಿ ಕುಳಿತು, ನಮ್ಮ ಚರ್ಚ್ ಕಟ್ಟಿದಾಗ ಯಾರು ಕಲ್ಲು ತಂದರು, ಯಾರು ಮೇಸ್ತ್ರಿ, ಯಾರು ಅನ್ನ ಬೇಯಿಸಿ ಹಾಕಿದರು ಎಂದು ಕೇಳಿ ಒಂದು ಪುಟ ಬರೆದು ತನ್ನಿ. ಕನ್ನಡದಲ್ಲೇ ಬರೆಯಿರಿ, ತಪ್ಪಿದ್ದರೆ ತಿದ್ದೋಣ. ಎಲ್ಲವನ್ನೂ ಸೇರಿಸಿ ಚರ್ಚಿನ ಹಬ್ಬಕ್ಕೆ ಗೋಡೆಪತ್ರಿಕೆ ಮಾಡುವ ಯೋಚನೆ ಇದೆ.

ಪ್ರಾರ್ಥನೆ

ಸ್ವಾಮಿ ದೇವರೇ, ಬಡಗಿಯ ಮಗನಾಗಿ ನಮ್ಮ ನಡುವೆ ಬಾಳಿದ ಯೇಸುವಿನ ಮೂಲಕ ನಿಮ್ಮನ್ನು ಬೇಡುತ್ತೇವೆ. ಈ ಚರ್ಚಿಗಾಗಿ ಬೆವರು ಸುರಿಸಿ ಅಗಲಿದ ನಮ್ಮ ಹಿರಿಯರಿಗೆ ನಿತ್ಯ ವಿಶ್ರಾಂತಿಯನ್ನು ಕೊಡಿ. ಯಾವುದನ್ನು ಮೊದಲು ಕಟ್ಟಬೇಕು, ಯಾವುದಕ್ಕೆ ಕಾಯಬೇಕು ಎಂಬ ವಿವೇಕವನ್ನು ನಮಗೆ ಕೊಡಿ. ನಾವು ಎಲ್ಲಿಗೆ ಹೋದರೂ ಈ ಮನೆಯನ್ನು ಮರೆಯದಂತೆ ಕಾಪಾಡಿ. ಆಮೆನ್.